ನೋವಿಗೆ ನಾನು ಕೊಟ್ಟ ಮಾರ್ಕು

ನನ್ನ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಸ್ತನದ ಕ್ಯಾನ್ಸರ್. ಬಲಗಡೆಯದನ್ನು ತೆಗೆದಿದ್ದಾರೆ. ಎರಡು ವರ್ಷ ತೆಪ್ಪಗಿದ್ದು ಆಮೇಲೆ ಅದು ಬೆನ್ನುಮೂಳೆಯಲ್ಲಿ ಕಾಣಿಸಿಕೊಂಡಿತು. ಇನ್ನು ಪೂರ್ತಿ ಹೋಗುವಂಥದ್ದಲ್ಲ, ಮಾತ್ರೆ ನುಂಗುತ್ತಾ ಅದರ ಜೊತೆಯಲ್ಲೇ ಸಂಸಾರ ಮಾಡಬೇಕು ಎಂದರು ಡಾಕ್ಟರು. ಮಾಡುತ್ತಿದ್ದೇನೆ. ಉಳಿದ ವಿವರ ಬೇಕಾದವರು ಫೋನಿನಲ್ಲಿ ಹುಡುಕಿಕೊಳ್ಳಬಹುದು. ನನ್ನ ನೆಂಟರೆಲ್ಲ ಹಾಗೆ ಹುಡುಕಿ, ನಮ್ಮ ಮನೆಯ ಸೋಫಾದ ಮೇಲೆ ಕೂತು ನನಗೇ ಪಾಠ ಹೇಳಿ ಹೋಗಿದ್ದಾರೆ. ನಾನು ಬರೆಯಹೊರಟಿದ್ದು ಬೇರೆ. ನೋವಾಗುತ್ತಿದೆ ಎಂಬ ಒಂದು ಮಾತನ್ನು ಹೇಳುವುದು ನನ್ನಂಥ ಬಾಯಿಬಡುಕಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು.

ನಾನು ಉಡುಪಿ ಕಡೆಯವಳು, ಮದುವೆಯಾಗಿ ಭಾಂಡುಪ್‌ಗೆ ಬಂದವಳು. ಇವರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತಾರೆ. ಒಬ್ಬಳೇ ಮಗಳು ದೀಪ್ತಿ ವಿಕ್ರೋಳಿಯ ಒಂದು ಆಫೀಸಿನಲ್ಲಿದ್ದಾಳೆ. ನಾನು ಬೆಳಿಗ್ಗೆ ಲೋಕಲ್ ರೈಲು ಹಿಡಿದು ಸಾಯನ್‌ನಲ್ಲಿ ಇಳಿದು ಧಾರಾವಿಯ ಒಂದು ಕನ್ನಡ ಶಾಲೆಗೆ ನಡೆದು ಹೋಗುತ್ತಿದ್ದೆ. ಇಪ್ಪತ್ತೊಂಬತ್ತು ವರ್ಷ ಅಲ್ಲಿ ಗಣಿತ ಕಲಿಸಿದೆ. ಮಕ್ಕಳೆಲ್ಲ ಕಲಬುರಗಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಅವರು ನನಗೆ ಇಟ್ಟ ಹೆಸರು ಜಿಪುಣಿ ಟೀಚರ್. ಲೆಕ್ಕ ಪೂರ್ತಿ ಸರಿಯಿದ್ದರೂ ಅಂಕಿ ಸೊಟ್ಟಗಿದ್ದರೆ ಒಂದು ಮಾರ್ಕು ಕತ್ತರಿಸುತ್ತಿದ್ದೆ, ಉತ್ತರದ ಕೆಳಗೆ ಗೆರೆ ಎಳೆಯದಿದ್ದರೆ ಇನ್ನೊಂದು. ಹತ್ತಕ್ಕೆ ನಾಲ್ಕು ಬಂದರೆ ಪಾಸು, ಆರು ಬಂದರೆ ಶಹಬ್ಬಾಸ್, ಏಳು ಬಂದವರ ಹೆಸರನ್ನು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಓದುತ್ತಿದ್ದೆ. ಹತ್ತಕ್ಕೆ ಹತ್ತನ್ನು ಯಾರಿಗೂ ಕೊಟ್ಟವಳಲ್ಲ. ಕೊಟ್ಟರೆ ಮಾರನೇ ದಿನದಿಂದ ಪುಸ್ತಕ ಮುಟ್ಟುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಬೆನ್ನಿಗೆ ಹತ್ತು ಸಲ ರೇಡಿಯೇಷನ್ ಕೊಡಬೇಕೆಂದು ತೀರ್ಮಾನವಾಯಿತು. ಕೊಡದಿದ್ದರೆ ಆ ಮೂಳೆ ಕುಸಿದು ನರ ಒತ್ತಿಕೊಂಡು ಕಾಲಿನ ಬಲ ಹೋಗಬಹುದು ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದರು. ಮೊದಲ ದಿನ ಒಳಗೆ ಕರೆಯುವ ಮುಂಚೆ ಒಬ್ಬ ನರ್ಸ್ ಬಂದು ಫಾರ್ಮ್ ಹಿಡಿದು ಹಿಂದಿಯಲ್ಲಿ ಕೇಳಿದಳು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು. ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ನನಗೆ ಗೊತ್ತಿರುವ ವಿಷಯದ ಪ್ರಶ್ನೆ ಬಂದಿತ್ತು. ನಾನು ನೆಟ್ಟಗೆ ಕೂತು ಸರಿಯಾಗಿ ಯೋಚಿಸಿದೆ. ಹೆರಿಗೆಯ ನೋವಿಗೆ ಏಳು ಎಂದಿಟ್ಟುಕೊಳ್ಳೋಣ. ಹತ್ತು ಬಂದವರು ಬದುಕಿರಬಾರದು. ನಾನು ಕೂತು ಮಾತಾಡುತ್ತಿದ್ದೇನೆ, ಸೀರೆ ಉಟ್ಟು ಜಡೆ ಹಾಕಿಕೊಂಡು ಬಂದಿದ್ದೇನೆ. ಆದ್ದರಿಂದ ನಾಲ್ಕು. ಜಡೆ ಹಾಕಿದ್ದು ದೀಪ್ತಿ, ಸೀರೆಯ ನೆರಿಗೆ ಹಿಡಿದಿದ್ದು ಇವರು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಆ ಹುಡುಗಿ ನಾಲ್ಕು ಎಂದು ಬರೆದುಕೊಂಡಳು, ಅದಕ್ಕೆ ತಕ್ಕ ಮಾತ್ರೆ ಸಿಕ್ಕಿತು. ಅವಳನ್ನು ದೂರುವುದಿಲ್ಲ. ನನ್ನ ಹಿಂದೆ ಇನ್ನೂ ನಲವತ್ತು ಜನ ಕೂತಿದ್ದರು.

ಆ ದಿನಗಳಲ್ಲಿ ನಾನು ಮಲಗುವುದನ್ನೇ ಬಿಟ್ಟಿದ್ದೆ. ಬೆನ್ನು ಹಾಸಿಗೆಗೆ ತಾಗಿದರೆ ಯಾರೋ ಒಳಗೆ ಕೈ ಹಾಕಿ ಹಿಂಡಿದಂತಾಗುತ್ತಿತ್ತು. ಊಟದ ಕುರ್ಚಿಯನ್ನು ಗೋಡೆಗೆ ಆನಿಸಿ, ಎದುರಿಗೆ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ತಲೆಯೂರಿ ರಾತ್ರಿ ಕಳೆಯುತ್ತಿದ್ದೆ. ಯಾರಾದರೂ ಕೇಳಿದರೆ ಸೆಕೆ ಎನ್ನುತ್ತಿದ್ದೆ. ರೇಡಿಯೇಷನ್ನಿನ ಮೊದಲ ಎರಡು ಸಿಟ್ಟಿಂಗನ್ನು ಹಲ್ಲು ಕಚ್ಚಿಕೊಂಡು ಮುಗಿಸಿದೆ. ಮೂರನೆಯ ದಿನ ಆ ಗಟ್ಟಿ ಹಲಗೆಯ ಮೇಲೆ ಮಲಗಿಸಿದವರು ಬಾಗಿಲು ಹಾಕಿಕೊಂಡು ಹೊರಗೆ ಹೋಗುವಷ್ಟರಲ್ಲಿ ನಾನು ಎದ್ದು ಕೂತಿದ್ದೆ. ಎರಡೇ ನಿಮಿಷ ತಾಯಿ ಎಂದರು. ಮತ್ತೆ ಮಲಗಿಸಿದರು, ಮತ್ತೆ ಎದ್ದೆ. ಕೊನೆಗೆ ಹೊರಗೆ ಬಂದು ಮಗಳಿಗೆ ಹೇಳಿದೆ, ಇದು ನನಗೆ ಒಗ್ಗುವುದಿಲ್ಲ, ಮನೆಗೆ ಹೋಗೋಣ, ಇನ್ನು ಬರುವುದಿಲ್ಲ.

ದೀಪ್ತಿ ಮೊದಲು ಬೈದಳು, ಆಮೇಲೆ ಕೈ ಹಿಡಿದುಕೊಂಡಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವಾಗ ಅರ್ಧಕ್ಕೆ ಹಿಂದಿ ಸೇರಿಕೊಳ್ಳುತ್ತದೆ. ಇನ್ನು ಎಂಟೇ ಸಲ ತಾನೇ, ಕಾಲು ಹೋದರೆ ಏನು ಮಾಡುತ್ತೀ ಎಂದು ಅಂಗಲಾಚಿದಳು. ಇವರು ಹೋಟೆಲಿನಿಂದ ತಂದಿದ್ದ ಗಂಜಿಯ ಡಬ್ಬಿ ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತಿದ್ದರು. ಇವರಿಗೆ ತಲೆ ಕೆಟ್ಟಾಗ ಗೋಡೆ ನೋಡುವುದೊಂದೇ ಗೊತ್ತಿರುವುದು. ನಾನು ಮಾತ್ರ ಜಗ್ಗಲಿಲ್ಲ. ಕಾಲು ಹೋದರೆ ಹೋಗಲಿ ಎಂದುಬಿಟ್ಟೆ. ನಿಜಕ್ಕೂ ಹಾಗೇ ಅನಿಸಿತ್ತು.

ಅಷ್ಟು ಹೊತ್ತಿಗೆ ಎದುರಿನ ಬೆಂಚಿನಿಂದ ಒಬ್ಬಾಕೆ ಎದ್ದು ಬಂದಳು. ಮಲ್ಲಮ್ಮ, ಧಾರಾವಿಯವಳು, ಅವಳ ಮಗ ನನ್ನ ಕ್ಲಾಸಿನಲ್ಲಿದ್ದವನು. ಅವಳ ಅತ್ತೆಗೂ ಅಲ್ಲೇ ಚಿಕಿತ್ಸೆ ನಡೆಯುತ್ತಿತ್ತಂತೆ. ತನ್ನ ಜಾಗದಲ್ಲಿ ನನ್ನನ್ನು ಕೂರಿಸಿ, ಪಕ್ಕದಲ್ಲಿ ಹಾದುಹೋಗುತ್ತಿದ್ದ ಹಿರಿಯ ಸಿಸ್ಟರನ್ನು ಕೈ ಮಾಡಿ ಕರೆದಳು. ಆ ಸಿಸ್ಟರ್ ಗ್ರೇಸಿ ಮಂಗಳೂರಿನ ಕಡೆಯವರು, ಕನ್ನಡದವರು ಎಂದು ಮಲ್ಲಮ್ಮನಿಗೆ ಮೊದಲೇ ಗೊತ್ತಿತ್ತು. ಈಕೆ ನಮ್ಮ ಟೀಚರು, ಸ್ವಲ್ಪ ನೋಡಿ ಎಂದು ನನ್ನನ್ನು ಒಪ್ಪಿಸಿದವಳು ಅಷ್ಟಕ್ಕೇ ನಿಲ್ಲಿಸಲಿಲ್ಲ, ನನ್ನ ಗುಣಗಾನವನ್ನೂ ಮಾಡಿದಳು.

“ಬಾಳ್ ಕಡಕ್ ಟೀಚರ್ರೀ ಇವರು. ನಮ್ಮ ಹುಡುಗಗ ಒಮ್ಮಿ ಹತ್ತಕ್ಕ ಆರು ಕೊಟ್ಟಿದ್ರು. ನಾವು ಇಡೀ ಚಾಳಿಗೆ ಪೇಢೆ ಹಂಚಿದ್ವಿ.”

ಸಿಸ್ಟರ್ ಗ್ರೇಸಿ ನಕ್ಕರು. ನಗುತ್ತಲೇ ನನ್ನ ಫೈಲ್ ತೆರೆದರು. ಮೂರು ದಿನದ ನಾಲ್ಕು, ನಾಲ್ಕು, ನಾಲ್ಕು ಎಂಬುದನ್ನು ನೋಡಿದಾಗ ಅವರ ನಗು ನಿಂತಿತು. ಸ್ಟೂಲು ಎಳೆದುಕೊಂಡು ನನ್ನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ನಂಬರಿನ ವಿಷಯ ಎತ್ತಲೇ ಇಲ್ಲ. ಜಡೆ ಯಾರು ಹಾಕಿದ್ದು ಎಂದು ಕೇಳಿದರು. ಬಟ್ಟೆ ಒಣಹಾಕುವುದು ಯಾರು, ಸ್ನಾನಕ್ಕೆ ಚೊಂಬು ಎತ್ತಲು ಆಗುತ್ತದಾ, ಕಕ್ಕಸಿನಿಂದ ಏಳುವಾಗ ಏನನ್ನು ಹಿಡಿದುಕೊಳ್ಳುತ್ತೀರಿ ಎಂದು ಕೇಳಿದರು. ಕೊನೆಗೆ ನಿನ್ನೆ ಹೇಗೆ ಮಲಗಿದಿರಿ ಎಂದಾಗ ನಾನು ಸೆಕೆಯ ಕಥೆ ಶುರುಮಾಡಿದೆ. ಗೋಡೆ ನೋಡುತ್ತಿದ್ದ ಇವರು ಆಗ ಬಾಯಿಬಿಟ್ಟರು. “ಒಂಬತ್ತು ದಿನ ಆಯ್ತು ಸಿಸ್ಟರೇ. ಮಲಗಲೇ ಇಲ್ಲ ಅವಳು. ಕುರ್ಚಿಯಲ್ಲೇ.” ಇವರು ಎಣಿಸುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

“ಎಂಥ ಟೀಚರ್ ನೀವು,” ಎಂದರು ಸಿಸ್ಟರ್ ಗ್ರೇಸಿ. “ನೋವಿಗೂ ಮಾರ್ಕು ಕತ್ತರಿಸ್ತೀರಾ? ಇಲ್ಲಿ ನೀವು ಪೇಪರ್ ತಿದ್ದುವವರಲ್ಲ ಮಾರಾಯ್ರೆ. ನಿಮಗೆ ಆದದ್ದು ಹೇಳಿ ಸಾಕು.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಐವತ್ತೊಂಬತ್ತರ ವಯಸ್ಸಿನಲ್ಲಿ, ಮಗಳ ಎದುರು, ಹಳೆಯ ವಿದ್ಯಾರ್ಥಿಯ ತಾಯಿಯ ಎದುರು ನನ್ನ ಉತ್ತರ ತಪ್ಪೆಂದು ಒಬ್ಬರು ಹೇಳುವುದೆಂದರೇನು? ಸಿಟ್ಟಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಆ ಮಧ್ಯಾಹ್ನವೇ ಬೇರೆ ಡಾಕ್ಟರು ಬಂದು ಮಾರ್ಫಿನ್ ಬರೆದರು. ಅದರ ಹೆಸರು ಕೇಳಿ ದೀಪ್ತಿಯ ಮುಖ ಬಿಳಚಿಕೊಂಡಿತು, ಅದು ಕೊನೆಗಾಲದವರಿಗೆ ಕೊಡುವುದೆಂದು ಅವಳು ಎಲ್ಲೋ ಕೇಳಿದ್ದಳು. ನಾನೂ ಕೇಳಿದ್ದೆ. ನೋವಿದ್ದವರಿಗೆ ಕೊಡುವುದು, ನಿಮ್ಮ ಅಮ್ಮನಿಗೆ ನೋವಿದೆ, ಅಷ್ಟೇ ಎಂದರು ಸಿಸ್ಟರ್. ಎರಡು ದಿನ ತೂಕಡಿಕೆ, ಆಮೇಲೆ ಮಲಬದ್ಧತೆಯ ಪಾಡು, ಎಲ್ಲವೂ ಆಯಿತು. ಆದರೆ ಮೂರನೆಯ ದಿನ ಬೆನ್ನು ಹಾಸಿಗೆಗೆ ಕೊಟ್ಟು ಮಲಗಿ ಮೇಲೆ ತಿರುಗುವ ಫ್ಯಾನ್ ನೋಡಿದೆ. ಅದರ ರೆಕ್ಕೆಯ ಮೇಲಿನ ಧೂಳು ಕಂಡು ಸಂತೋಷವಾಯಿತು. ಉಳಿದ ಸಿಟ್ಟಿಂಗುಗಳು ಮುಗಿದವು, ಕಾಲು ಉಳಿಯಿತು.

ಕೆಲವು ತಿಂಗಳ ನಂತರ ಚೆಕಪ್ಪಿಗೆ ಹೋದಾಗ ಸಿಸ್ಟರ್ ಗ್ರೇಸಿ ನನ್ನನ್ನು ಹಿಡಿದುಕೊಂಡರು. ಠಾಣೆ, ಕಲ್ಯಾಣ್ ಕಡೆಯ ಸಣ್ಣ ಆಸ್ಪತ್ರೆಗಳ ನರ್ಸುಗಳಿಗೆ ಅವರು ಆಗಾಗ ತರಬೇತಿ ಕೊಡುತ್ತಾರೆ. ಕ್ಯಾನ್ಸರ್ ಇದ್ದವರ ನೋವನ್ನು ಗುರುತಿಸುವುದು ಹೇಗೆ ಎಂಬುದೇ ಪಾಠ. ಅದಕ್ಕೆ ರೋಗಿಯ ಪಾತ್ರ ಮಾಡಲು ಒಬ್ಬರು ಬೇಕು, ನಿಮ್ಮಷ್ಟು ಚೆನ್ನಾಗಿ ಸುಳ್ಳು ಹೇಳುವವರು ನನಗೆ ಬೇರೆ ಸಿಕ್ಕಿಲ್ಲ ಎಂದರು. ನಾನು ಒಂದೇ ಮಾತಿಗೆ ಒಪ್ಪಿಕೊಂಡೆ. ನಿವೃತ್ತಿಯಾದ ಮೇಲೆ ಮೊದಲ ಸಲ ಇಸ್ತ್ರಿ ಸೀರೆ ಉಟ್ಟು ಕ್ಲಾಸಿಗೆ ಹೋಗುವ ಭಾಗ್ಯ.

ಪಾತ್ರದಲ್ಲಿ ಮಾಡಬೇಕಾದ್ದು ಇಷ್ಟು. ನಾನು ಬೆನ್ನು ನೋವಿನ ರೋಗಿ. ಎಷ್ಟು ಎಂದು ಕೇಳಿದರೆ ನಾಲ್ಕು ಎನ್ನಬೇಕು. ಹೇಗೆ ಮಲಗುತ್ತೀರಿ ಎಂದು ಕೇಳಿದವರಿಗೆ ಮಾತ್ರ ಕುರ್ಚಿಯ ಗುಟ್ಟು ಹೇಳಬೇಕು. ಒಬ್ಬೊಬ್ಬ ನರ್ಸಿಗೂ ಹತ್ತು ನಿಮಿಷ, ಉಳಿದವರು ಕೂತು ನೋಡುತ್ತಾರೆ. ಹೆಚ್ಚಿನವರು ನಾಲ್ಕು ಬರೆದುಕೊಂಡು ಎದ್ದು ಹೋಗುತ್ತಿದ್ದರು. ನಾನು ಅವರನ್ನು ಕರೆದು ಕೂರಿಸಿ, ಫಾರ್ಮ್ ನೋಡಬೇಡ, ನನ್ನ ಮುಖ ನೋಡು, ನಾನು ಎದ್ದು ಕೂರುವುದನ್ನು ನೋಡು, ಮನೆಯವರನ್ನು ಕೇಳು ಎಂದು ತಿದ್ದುತ್ತಿದ್ದೆ. ನೋವಿದ್ದವರು ನೂರು ಕಾರಣಕ್ಕೆ ಮುಚ್ಚಿಡುತ್ತಾರೆ ಎಂದು ಭಾಷಣ ಬಿಗಿಯುತ್ತಿದ್ದೆ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಹೀಗಿರುವಾಗ ಕಳೆದ ಮಳೆಗಾಲದ ಕೊನೆಗೆ ನನ್ನ ಎಡ ಪಕ್ಕೆಯಲ್ಲಿ ಒಂದು ಹೊಸ ನೋವು ಶುರುವಾಯಿತು. ಮೊದಲ ದಿನ ಗ್ಯಾಸ್ ಎಂದುಕೊಂಡೆ. ಮೂರನೆಯ ದಿನಕ್ಕೆ ಗ್ಯಾಸ್ ಅಲ್ಲವೆಂದು ಗೊತ್ತಾಯಿತು. ಬೆನ್ನಿನ ನೋವು ಹೇಗೆ ಬಂದಿತ್ತೋ ಇದೂ ಹಾಗೇ ಬಂದಿತ್ತು, ಉಸಿರು ಎಳೆದಾಗ ಚುಚ್ಚುತ್ತಿತ್ತು. ಯಾರಿಗೂ ಹೇಳಲಿಲ್ಲ.

ಏಕೆ ಎಂದರೆ ದೀಪ್ತಿ. ನನಗೆ ಕಾಯಿಲೆ ಬಂದ ಮೇಲೆ ಅವಳು ಮೂರು ವರ್ಷ ರಜೆಯನ್ನೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದಿದ್ದಳು. ಗೆಳತಿಯರು ಕರೆಯುವುದನ್ನೇ ನಿಲ್ಲಿಸಿದ್ದರು. ಆ ಮಳೆಗಾಲದಲ್ಲಿ ಮಾತ್ರ ಆಫೀಸಿನ ನಾಲ್ಕು ಜನರ ಜೊತೆ ಪ್ರತಿ ಭಾನುವಾರ ಬೆಟ್ಟ ಹತ್ತಲು ಹೋಗತೊಡಗಿದ್ದಳು. ಬೆಳಿಗ್ಗೆ ಠಾಣೆಯಲ್ಲಿ ಕರ್ಜತ್ ಗಾಡಿ ಹಿಡಿದರೆ ಸಂಜೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಬರುತ್ತಿದ್ದಳು. ಬಚ್ಚಲಿನಲ್ಲಿ ಕಾಲು ತೊಳೆಯುತ್ತಾ ಯಾರು ಜಾರಿಬಿದ್ದರು, ಯಾರು ಹೆದರಿದರು ಎಂದು ಕೂಗಿ ಹೇಳಿ ನಗುತ್ತಿದ್ದಳು. ಮನೆಯಲ್ಲಿ ಆ ನಗು ಕೇಳದೆ ಎಷ್ಟೋ ಕಾಲವಾಗಿತ್ತು. ನಾನು ಪಕ್ಕೆ ನೋವು ಎಂದೆನೋ, ಮರುದಿನದಿಂದ ಸ್ಕ್ಯಾನು, ರಿಪೋರ್ಟು, ಬೆಂಚು. ಅವಳ ಭಾನುವಾರ ಮುಗಿದ ಹಾಗೆಯೇ. ಮಳೆ ನಿಲ್ಲುವವರೆಗೆ ತಡೆದುಕೊಳ್ಳೋಣ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಹೆದರಿಕೆಯೂ ಇತ್ತು, ಸುಳ್ಳೇಕೆ ಹೇಳಲಿ. ಹೇಳದಿದ್ದರೆ ಅದು ಅಲ್ಲಿ ಇಲ್ಲವೇನೋ ಎಂಬ ಪೆದ್ದು ಆಸೆ.

ನೋವು ಶುರುವಾದ ಹದಿನೆಂಟನೆಯ ದಿನ ತರಬೇತಿ ಇತ್ತು. ಹೋದೆ. ಹದಿನಾಲ್ಕು ಹುಡುಗಿಯರು. ಅವರಲ್ಲಿ ಪ್ರಾಜಕ್ತಾ ಎಂಬ ಮರಾಠಿ ಹುಡುಗಿಗೆ ನನ್ನೆದುರು ಕೂರುವ ಸರದಿ ಬಂತು. ಪ್ರಶ್ನೆಗಳನ್ನು ನುಂಗಿ ನುಂಗಿ ಕೇಳಿದಳು, ಕುರ್ಚಿಯ ಗುಟ್ಟಿನ ಹತ್ತಿರಕ್ಕೂ ಬರಲಿಲ್ಲ, ಮಧ್ಯೆ ಸುಮ್ಮನೆ ನನ್ನನ್ನೇ ನೋಡುತ್ತಾ ಕೂತಳು. ಇವಳಿಗೆ ಹತ್ತಕ್ಕೆ ಮೂರು ಎಂದು ನಾನು ಒಳಗೇ ಹಾಕಿಬಿಟ್ಟಿದ್ದೆ. ಹತ್ತು ನಿಮಿಷ ಆದ ಮೇಲೆ ಸಿಸ್ಟರ್ ಗ್ರೇಸಿ ಏನು ಕಂಡೆಯಮ್ಮ ಎಂದು ಕೇಳಿದರು.

ಪ್ರಾಜಕ್ತಾ ಎದ್ದು ನಿಂತು ಮರಾಠಿಯಲ್ಲಿ ಹೇಳಿದಳು, ಬೆನ್ನು ನೋವನ್ನು ಇವರು ಅಭಿನಯಿಸುತ್ತಿದ್ದಾರೆ, ಎಡ ಪಕ್ಕೆಯದು ಅಭಿನಯ ಅಲ್ಲ.

ಏಕೆ ಹಾಗೆನ್ನುತ್ತೀ ಎಂದರು ಸಿಸ್ಟರ್. ಅವಳು ಒಂದೊಂದಾಗಿ ಹೇಳಿದಳು. ಬೆಳಿಗ್ಗೆ ಎಲ್ಲರೂ ನಕ್ಕಾಗ ಇವರು ಬಾಯಿಯಲ್ಲಷ್ಟೇ ನಕ್ಕರು, ಹೊಟ್ಟೆ ಅಲುಗಲಿಲ್ಲ. ಸೀನು ಬಂದಾಗ ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದರು. ಚಹಾಕ್ಕೆ ಏಳುವಾಗ, ಅಂದರೆ ಪಾತ್ರ ಮಾಡದೇ ಇರುವಾಗ, ಬಲಗಡೆಗೆ ವಾಲಿ ಎದ್ದರು. ಉಸಿರನ್ನು ಅರ್ಧಕ್ಕೇ ಎಳೆದು ಬಿಡುತ್ತಿದ್ದಾರೆ. ಅವಳು ಬೆಳಿಗ್ಗೆಯಿಂದ ನನ್ನನ್ನು ನೋಡುತ್ತಲೇ ಇದ್ದಳು.

ನಾನು ಗದರಿಸಿದೆ. ಪಾತ್ರದಲ್ಲಿ ಇಲ್ಲದ್ದನ್ನು ಕಲ್ಪಿಸಿಕೊಳ್ಳಬೇಡ, ಉಳುಕಿದೆ ಅಷ್ಟೇ, ಕೊಟ್ಟ ಕೆಲಸ ಮೊದಲು ಸರಿಯಾಗಿ ಮಾಡು ಎಂದೆ. ಇಪ್ಪತ್ತೊಂಬತ್ತು ವರ್ಷ ಮಕ್ಕಳನ್ನು ನಡುಗಿಸಿದ ದನಿಯದು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು. ಆದರೂ ಫಾರ್ಮನ್ನು ಕುರ್ಚಿಯ ಮೇಲಿಟ್ಟು ನನ್ನ ಹತ್ತಿರ ಬಂದು ಬಗ್ಗಿ, ಉಳಿದವರಿಗೆ ಕೇಳದಷ್ಟು ಮೆಲ್ಲಗೆ ಕೇಳಿದಳು. “ಟೀಚರ್, ಘರೀ ಸಾಂಗಿತಲಂ ಕಾ?” ಮನೆಯಲ್ಲಿ ಹೇಳಿದ್ದೀರಾ ಎಂದು.

ನೋವು ಎಷ್ಟು ಎಂದು ಕೇಳಿದ್ದರೆ ಉತ್ತರ ಸಿದ್ಧವಿತ್ತು. ಈ ಪ್ರಶ್ನೆಗೆ ಇಲ್ಲವೆಂದು ತಲೆ ಅಲ್ಲಾಡಿಸಿದೆ. ಆಮೇಲೆ ಅಷ್ಟೂ ಹುಡುಗಿಯರ ಎದುರು ಮುಖ ಮುಚ್ಚಿಕೊಂಡು ಅತ್ತೆ. ಅಳಲಿಕ್ಕೂ ಪಕ್ಕೆ ಬಿಡುತ್ತಿರಲಿಲ್ಲ. ಸಿಸ್ಟರ್ ಗ್ರೇಸಿ ಎಲ್ಲರನ್ನೂ ಹೊರಗೆ ಕಳಿಸಿದರು, ಪ್ರಾಜಕ್ತಾಳನ್ನು ಮಾತ್ರ ಇರಿಸಿಕೊಂಡರು. ನಾನು ಅವಳ ಕೈ ಹಿಡಿದುಕೊಂಡೇ ಮಗಳಿಗೆ ಫೋನು ಮಾಡಿದೆ.

ದೀಪ್ತಿ ಆಫೀಸಿನಲ್ಲಿದ್ದಳು. ಹೇಳಿದೆ. ಎಷ್ಟು ದಿನವಾಯಿತು ಎಂದು ಕೇಳಿದಳು, ಹದಿನೆಂಟು ಎಂದೆ.

“ಅಮ್ಮ, ಅಠ್ರಾ ದಿನ್. ನಾನು ರೋಜ್ ಮನೆಗೆ ಬಂದು ನಗ್ತಾ ಇದ್ದೆ. ನೀನು ಸುಮ್ಮನೆ ನೋಡ್ತಾ ಇದ್ದೆಯಾ?”

“ಆ ನಗು ನಿಂತುಹೋದರೆ ಎಂತ ಮಾಡುವುದು ಅಂತಲೇ ಹೇಳಲಿಲ್ಲ ಮಗಾ,” ಎಂದೆ.

ಅವಳು ಅರ್ಧ ಗಂಟೆಯಲ್ಲಿ ಬಂದಳು. ಬಂದವಳು ಸಿಸ್ಟರ್ ಹತ್ತಿರ ಮಾತ್ರ ಮಾತಾಡಿದಳು. ಮನೆಗೆ ಹೋಗುವ ಟ್ಯಾಕ್ಸಿಯಲ್ಲೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಭಾಂಡುಪ್ ಹತ್ತಿರ ಬರುವಾಗ ತಾನಾಗಿ ನನ್ನ ಭುಜಕ್ಕೆ ತಲೆಯಿಟ್ಟಳು, ಬಲ ಭುಜಕ್ಕೆ. ನೀನು ಮುಚ್ಚಿಟ್ಟರೆ ಮನೆಯಲ್ಲಿ ಕೂತಿದ್ದಾಗಲೂ ನನಗೆ ನೆಮ್ಮದಿ ಇರುವುದಿಲ್ಲ, ನೋವಿದೆ ಎಂದು ಹೇಳಿದರೆ ಇದೆ ಎಂದಾದರೂ ಗೊತ್ತಿರುತ್ತದೆ ಎಂದಳು. ಇದನ್ನು ಅವಳು ಮೂರು ಭಾಷೆ ಬೆರೆಸಿ ಹೇಳಿದ್ದು, ನಾನು ಒಂದೇ ಭಾಷೆಯಲ್ಲಿ ಬರೆದಿದ್ದೇನೆ.

ಪಕ್ಕೆಲುಬಿನಲ್ಲಿ ಅದು ಇತ್ತು. ಒಂದೇ ಜಾಗದಲ್ಲಿತ್ತು, ಅದಕ್ಕೆ ಐದು ಸಿಟ್ಟಿಂಗ್ ಆಯಿತು, ಮಾತ್ರೆ ಬದಲಾಯಿತು. ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದಾಗ ಯಾರು ಕರೆತಂದರು ಎಂದು ನಾನು ಹೇಳಹೋದೆ, ಅವರಿಗೆ ಕೇಳುವಷ್ಟು ಪುರುಸೊತ್ತಿರಲಿಲ್ಲ. ಪ್ರಾಜಕ್ತಾ ಈಗ ಕಲ್ಯಾಣ್‌ನಲ್ಲಿದ್ದಾಳೆ, ಆಗಾಗ ಫೋನು ಮಾಡುತ್ತಾಳೆ. ನಾನು ಬೈದಿದ್ದಕ್ಕೆ ಅವಳ ಹತ್ತಿರ ಕ್ಷಮೆ ಕೇಳಿದ್ದೇನೆ. ವಿದ್ಯಾರ್ಥಿಗಳ ಹತ್ತಿರ ಕ್ಷಮೆ ಕೇಳಿ ನನಗೆ ಅಭ್ಯಾಸವಿರಲಿಲ್ಲ.

ಈ ನೋವು ಪೂರ್ತಿ ಹೋಗಿಲ್ಲ, ಬಂದು ಹೋಗಿ ಮಾಡುತ್ತದೆ. ಆ ಐದು ಸಿಟ್ಟಿಂಗ್ ಮುಗಿಯುವವರೆಗೆ ದೀಪ್ತಿ ಎಲ್ಲಿಗೂ ಹೋಗಲಿಲ್ಲ. ಆಮೇಲೊಂದು ಭಾನುವಾರ ಬೆಳಿಗ್ಗೆ ಬೆನ್ನಿಗೆ ಚೀಲ ಹಾಕಿಕೊಂಡು ನನ್ನ ಕೋಣೆಗೆ ಬಂದಳು. ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದಳು.

“ಇವತ್ತು ನೋವುಂಟಾ?”

ಇತ್ತು. ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೆಳಗೆ ರಸ್ತೆಯಲ್ಲಿ ಅವಳ ಗೆಳತಿಯರು ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಇವಳು ಚೀಲ ಕೆಳಗಿಳಿಸಿಬಿಡುತ್ತಾಳೆ ಎಂದು ಹೆದರಿದೆ.

“ಉಂಟು,” ಎಂದೆ. “ಪಕ್ಕೆಯಲ್ಲಿ. ನಿನ್ನೆಗಿಂತ ಸ್ವಲ್ಪ ಜಾಸ್ತಿ.”

ಅವಳು ಎದ್ದು ಮಾತ್ರೆ ತಂದಳು, ನೀರು ಕೊಟ್ಟಳು. ದಿಂಬನ್ನು ಮಡಚಿ ನನ್ನ ಎಡಗಡೆಗೆ ಒತ್ತಿಟ್ಟು, ಹೀಗೆ ಸರಿಯಾ ಎಂದು ಕೇಳಿದಳು. ಇವರನ್ನು ಕರೆದು ಮುಂದಿನ ಮಾತ್ರೆ ಎಷ್ಟು ಗಂಟೆಗೆ ಎಂದು ಹೇಳಿದಳು. ಆಮೇಲೆ ಬಾಗಿಲಲ್ಲಿ ಬೂಟಿನ ಲೇಸು ಕಟ್ಟಿಕೊಂಡು, ಸಂಜೆ ಬರ್ತೇನೆ ಎಂದು ಹೊರಟಳು. ಮೆಟ್ಟಿಲಿಳಿಯುವ ಸದ್ದು, ಕೆಳಗೆ ಅವಳು ಏನೋ ಹೇಳಿ ಎಲ್ಲರೂ ನಕ್ಕ ಸದ್ದು ಕೇಳಿತು. ಅವಳ ನಗುವೂ ಅದರಲ್ಲಿ ಇತ್ತು.